ಕೊನೆಯ ಫೋನ್ ಎಷ್ಟು ಹೊತ್ತಿಗೆ ಹೋಯಿತು

ನಮ್ಮ ಸರ್ವರ್ ಇದ್ದದ್ದು ಸಕಲೇಶಪುರದಲ್ಲಿ, ಬೆಳೆಗಾರರ ಒಂದು ಸಂಘದ ಆಫೀಸಿನ ಹಿಂದಿನ ಕೋಣೆಯಲ್ಲಿ. ಸಂಘದ ಹೆಸರು ಇಲ್ಲಿ ಬೇಡ. ಕಾಫಿ ಸ್ಯಾಂಪಲ್ ಡಬ್ಬಿಗಳನ್ನು ಜೋಡಿಸಿಡುತ್ತಿದ್ದ ಕಬ್ಬಿಣದ ರ‍್ಯಾಕಿನ ಕೆಳಗಿನ ಅಂತಸ್ತನ್ನು ಖಾಲಿ ಮಾಡಿಸಿ ಅದನ್ನು ಅಲ್ಲಿ ಕೂರಿಸಿದ್ದೆವು. ಏಸಿ ಇರಲಿಲ್ಲ. ಒಂದು ಕಿಟಕಿ ಇತ್ತು. ತೆಗೆದರೆ ಬಸ್ಸಿನ ಹೊಗೆ ಬರುತ್ತಿತ್ತು, ಮುಚ್ಚಿದರೆ ಗೋಡೆಗೆ ಬೂಷ್ಟು ಹಿಡಿಯುತ್ತಿತ್ತು. ಆಲೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ನಾನು ಅಲ್ಲಿ ಟೈಪಿಸ್ಟ್ ಆಗಿ ಸೇರಿದೆ, ಆ ಲಿನಕ್ಸ್ ಸರ್ವರ್ ನೋಡಿಕೊಳ್ಳುವವಳಾಗಿ ನಿವೃತ್ತಳಾದೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕೆಲವರು ಮನೆಗೆ ಬರುತ್ತಾರೆ. ಯಾವ ಸರ್ಟಿಫಿಕೇಟ್ ಮಾಡಬೇಕು, ಯಾವ ಟೂಲ್ ಕಲಿಯಬೇಕು ಎಂದು ಕೇಳುತ್ತಾರೆ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಾಡಿದ ತಪ್ಪುಗಳನ್ನು ಹೇಳಲು ಮಾತ್ರ ನಾನೊಬ್ಬಳೇ ಇರುವುದು, ಆದ್ದರಿಂದ ಅದನ್ನೇ ಬರೆಯುತ್ತೇನೆ. ಮೊದಲ ಎರಡು ತಪ್ಪುಗಳಿಗೆ ನಗಬಹುದು. ಮೂರನೆಯದರಲ್ಲಿ ಒಬ್ಬ ಹೆಂಗಸಿನ ಕಾಲು ಹೋಯಿತು. ಅದನ್ನು ಹೇಳಲಿಕ್ಕಾಗಿಯೇ ಉಳಿದದ್ದನ್ನೂ ಹೇಳುತ್ತಿದ್ದೇನೆ.

ಶುರುವಿನಲ್ಲಿ ಸರ್ವರಿಗೆ ಇದ್ದದ್ದು ಮಳೆಯ ಲೆಕ್ಕದ ಕೆಲಸ. ನಮ್ಮ ಕಡೆ ಎಸ್ಟೇಟಿನವರು ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ರೈಟರ್, ಅಂದರೆ ಎಸ್ಟೇಟಿನ ಗುಮಾಸ್ತ, ಮಳೆಮಾಪಕದ ನೀರು ಅಳೆದು ಪುಸ್ತಕಕ್ಕೆ ಬರೆಯದೆ ಅಲ್ಲಿನ ದಿನ ಶುರುವಾಗುವುದಿಲ್ಲ. ಬೇಸಿಗೆಯಲ್ಲಿ ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಿದ್ದರಂತೂ ಮುಗಿಯಿತು. ಪಕ್ಕದ ತೋಟಕ್ಕೆ ಎಷ್ಟು ಸೆಂಟ್ ಆಯಿತು ಎಂದು ಗೊತ್ತಾಗುವ ತನಕ ಯಾರಿಗೂ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ತನಗೆ ಅರವತ್ತು ಸೆಂಟ್ ಬಿದ್ದು ಪಕ್ಕದವರಿಗೆ ಎಪ್ಪತ್ತು ಬಿದ್ದರೆ ಅದು ವೈಯಕ್ತಿಕ ಅವಮಾನ. ಈ ಅಂಕಿಗಳನ್ನೆಲ್ಲ ಫೋನಿನಲ್ಲಿ ಕಳಿಸಿ ಒಂದೇ ಪುಟದಲ್ಲಿ ನೋಡುವ ಹಾಗೆ ನಾವು ಮಾಡಿದ್ದೆವು.

ನನ್ನ ಮೊದಲ ಮೇಲಧಿಕಾರಿ ಲೂಯಿಸ್ ಸಾರ್, ಸಂಘದ ಕಾರ್ಯದರ್ಶಿ. ಅವರ ಅಜ್ಜನ ಕಾಲಕ್ಕೆ ಮಂಗಳೂರು ಕಡೆಯಿಂದ ಬಂದ ಮನೆತನ. ಮೂವತ್ತು ವರ್ಷ ಎಸ್ಟೇಟ್ ಮ್ಯಾನೇಜರ್ ಆಗಿದ್ದವರು. ಕಂಪ್ಯೂಟರ್ ಕೀಲಿಮಣೆ ಮುಟ್ಟಿದವರಲ್ಲ, ಆದರೆ ನನಗೆ ಈ ಕೆಲಸ ಕಲಿಸಿದವರು ಅವರೇ. ಗಿಡಕ್ಕೆ ರೋಗ ಬಂದರೆ ಮೊದಲು ತೋಟದಲ್ಲಿ ನಡೆದು ನೋಡಬೇಕು, ಆಮೇಲೆ ಔಷಧಿ, ಅದೂ ಒಂದು ಸಲಕ್ಕೆ ಒಂದೇ ಔಷಧಿ. ಎರಡು ಒಟ್ಟಿಗೆ ಹೊಡೆದರೆ ಯಾವುದರಿಂದ ವಾಸಿಯಾಯಿತು ಎಂದು ಗೊತ್ತಾಗುವುದಿಲ್ಲ. ಇದು ಅವರ ಪಾಠ. ನನ್ನ ಕೈಗೆ ಒಂದು ಹಳೆಯ ಮಳೆ ಪುಸ್ತಕ ಕೊಟ್ಟು, ಸರ್ವರಿನಲ್ಲಿ ಏನು ಬದಲಾಯಿಸಿದರೂ ತಾರೀಖು ಹಾಕಿ ಅದರಲ್ಲಿ ಬರೆಯಬೇಕು ಎಂದು ಆಜ್ಞೆ ಮಾಡಿದರು. ಸೆಂಟು ಬರೆಯುವ ಅಂಕಣದಲ್ಲಿ ನಾನು ಕಮಾಂಡ್ ಬರೆಯುತ್ತಿದ್ದೆ. ಆಮೇಲೆ ಸ್ಕ್ರಿಪ್ಟುಗಳು ಬಂದವು, ಬದಲಾವಣೆಗಳನ್ನು ತಾನೇ ನೆನಪಿಟ್ಟುಕೊಳ್ಳುವ ಸಾಫ್ಟ್‌ವೇರ್ ಬಂತು. ಆದರೂ ಆ ಪುಸ್ತಕವನ್ನು ನಾನು ಬಿಡಲಿಲ್ಲ. ಕೈಯಲ್ಲಿ ಬರೆಯುವಾಗ ಮಾಡುತ್ತಿರುವುದು ಮೂರ್ಖತನ ಎಂದು ಎಷ್ಟೋ ಸಲ ಅರ್ಧದಲ್ಲೇ ಹೊಳೆದಿದೆ.

ಇನ್ನು ಮೊದಲ ತಪ್ಪು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಸರ್ವರ್ ಕುಸಿದು ಕೂರುತ್ತಿತ್ತು. ಪುಟ ತೆರೆಯಲು ಒಂದು ನಿಮಿಷ, ಎರಡು ನಿಮಿಷ. ಎಂಟೂವರೆಗೆ ತಾನಾಗಿ ಸರಿಹೋಗುತ್ತಿತ್ತು. ನನಗೆ ಕಾರಣ ಹಗಲಿನಷ್ಟು ಸ್ಪಷ್ಟವಾಗಿತ್ತು: ಎಲ್ಲ ರೈಟರುಗಳೂ ಎಂಟಕ್ಕೇ ಅಂಕಿ ಕಳಿಸುತ್ತಾರೆ, ಎಲ್ಲ ಸಾಹುಕಾರರೂ ಎಂಟಕ್ಕೇ ನೋಡುತ್ತಾರೆ. ಯಂತ್ರಕ್ಕೆ ಇನ್ನಷ್ಟು ರ‍್ಯಾಮ್ ಹಾಕಿಸಿದೆ. ಡೇಟಾಬೇಸಿಗೆ ಹೆಚ್ಚು ಜಾಗ ಬಿಟ್ಟೆ. ವೆಬ್ ಸರ್ವರಿನ ಸೆಟ್ಟಿಂಗುಗಳನ್ನು ತಿರುಗಿಸಿದೆ, ಮತ್ತೆ ತಿರುಗಿಸಿದೆ. ಏನೂ ಆಗಲಿಲ್ಲ. ರೈಟರುಗಳಿಗೆಲ್ಲ ಒಂದೊಂದು ಸಮಯ ಹಂಚಿ ಸುತ್ತೋಲೆ ಕಳಿಸಿದೆ. ಯಾರೂ ಪಾಲಿಸಲಿಲ್ಲ. ನಾನು ಅವರ ಮೇಲೆ ರೇಗಾಡಿದೆ.

ಒಂದು ದಿನ ಲೂಯಿಸ್ ಸಾರ್ ನನ್ನ ಮೇಜಿನ ಎದುರು ಬಂದು ಕೂತರು.

“ಎಂಟು ಗಂಟೆಗೆ ಏನಾಗ್ತದೆ ಅಂತ ಕೇಳಿದ್ರೆ ನೀನು ಊರಿನ ಕತೆ ಹೇಳ್ತಿ. ಆ ಡಬ್ಬದೊಳಗೆ ಏನಾಗ್ತದೆ, ಅದು ಹೇಳು ಮಾರಾಯ್ತಿ.”

ಮರುದಿನ ಎಂಟಕ್ಕೆ ಐದು ನಿಮಿಷ ಮುಂಚೆ ಸರ್ವರಿನ ಮುಂದೆ ಕೂತು, ಯಾವ ಯಾವ ಕೆಲಸ ನಡೆಯುತ್ತಿದೆ ಎಂದು ತೋರಿಸುವ ಪಟ್ಟಿಯನ್ನು ತೆರೆದಿಟ್ಟುಕೊಂಡೆ. ಎಂಟು ಹೊಡೆಯಿತು. ಪಟ್ಟಿಯ ತುದಿಗೆ ಒಂದು ಹೆಸರು ಜಿಗಿದು ಬಂತು: ನಾನೇ ಬರೆದ ಬ್ಯಾಕಪ್ ಸ್ಕ್ರಿಪ್ಟ್. ಇಡೀ ಡಿಸ್ಕನ್ನು ಅದೊಂದೇ ಓದುತ್ತಿತ್ತು. ಅದನ್ನು ನಾನು ಎರಡೂವರೆಗೆ ಹಚ್ಚಿದ್ದೆ, ಊರೆಲ್ಲ ಮಲಗಿರುತ್ತದೆ ಎಂದು. ಆದರೆ ಯಂತ್ರದ ಗಡಿಯಾರ ಇದ್ದದ್ದು ಗ್ರೀನಿಚ್ ಸಮಯದಲ್ಲಿ. ಅಲ್ಲಿನ ಎರಡೂವರೆ ಅಂದರೆ ಇಲ್ಲಿನ ಬೆಳಿಗ್ಗೆ ಎಂಟು. ಗಡಿಯಾರ ಐದೂವರೆ ಗಂಟೆ ಹಿಂದಿದೆ ಎಂಬುದು ನನಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಗೋಡೆಯ ಮೇಲೆ ಗಡಿಯಾರ ಇದೆಯಲ್ಲ ಎಂದು ಬಿಟ್ಟಿದ್ದೆ. ಒಂದು ವರ್ಷ ಊರಿನವರನ್ನೆಲ್ಲ ಬೈದು ಕೊನೆಗೆ ಕಳ್ಳ ಸಿಕ್ಕಿದ್ದು ನನ್ನ ಜೇಬಿನಲ್ಲೇ. ಲೂಯಿಸ್ ಸಾರ್ ಬೈಯಲಿಲ್ಲ. ರೈಟರುಗಳಿಗೆ ಒಂದು ಕ್ಷಮಾಪಣೆಯ ಸುತ್ತೋಲೆ ಬರೆಯಲು ಹೇಳಿದರು, ಅಷ್ಟೇ. ಅದನ್ನು ಬರೆಯುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಯಿತು.

ಎರಡನೆಯ ತಪ್ಪು ನನ್ನದೊಬ್ಬಳದೇ ಅಲ್ಲ, ನಮ್ಮ ಅಟೆಂಡರ್ ಪುಟ್ಟಸ್ವಾಮಿಯವರದೂ ಪಾಲಿದೆ. ಜೂನ್ ಬಂತೆಂದರೆ ಸರ್ವರ್ ಮಂದವಾಗುತ್ತಿತ್ತು. ಸೆಪ್ಟೆಂಬರ್ ಕಳೆದ ಮೇಲೆ ಮತ್ತೆ ಚುರುಕು. ಮಳೆಗಾಲದಲ್ಲಿ ಅಂಕಿಗಳು ಹೆಚ್ಚು ಬರುತ್ತವಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಎರಡು ಮಳೆಗಾಲ ಹೀಗೇ ಕಳೆಯಿತು. ಮೆಮೊರಿ ತುಂಬಿದಾಗ ಡಿಸ್ಕಿಗೆ ಯಾವಾಗ ಹೋಗಬೇಕು ಎಂಬ ಸೆಟ್ಟಿಂಗ್ ಬದಲಾಯಿಸಿದೆ, ಕರ್ನೆಲ್ಲಿನ, ಅಂದರೆ ಲಿನಕ್ಸಿನ ತಿರುಳಿನ, ಹತ್ತಾರು ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಓದಿ ಓದಿ ತಿದ್ದಿದೆ. ಪುಸ್ತಕದಲ್ಲಿ ಆ ಎರಡು ಮಳೆಗಾಲದ ಪುಟಗಳು ತುಂಬಿ ತುಳುಕುತ್ತಿವೆ. ಇಷ್ಟಾದರೂ ಕೋಣೆಗೆ ಹೋಗಿ ನೋಡಲಿಲ್ಲ. ನನ್ನ ಮೇಜಿನಿಂದಲೇ ಸರ್ವರಿಗೆ ಲಾಗಿನ್ ಆಗಬಹುದಿತ್ತು, ಎದ್ದು ಹೋಗುವ ಅಗತ್ಯ ಏನಿತ್ತು?

ಮೂರನೆಯ ಮಳೆಗಾಲದಲ್ಲಿ ಪ್ರೊಸೆಸರಿನ ಶಾಖ ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಹಾಕಿದೆ. ಯಂತ್ರ ಕುದಿಯುತ್ತಿತ್ತು. ಸುಟ್ಟುಹೋಗಬಾರದೆಂದು ತಾನೇ ವೇಗ ಇಳಿಸಿಕೊಂಡಿತ್ತು. ಎದ್ದು ಹಿಂದಿನ ಕೋಣೆಗೆ ಹೋದೆ. ಸರ್ವರಿನ ಬೆನ್ನಿಗೆ, ಬಿಸಿಗಾಳಿ ಹೊರಬರುವ ಜಾಗಕ್ಕೆ ಸರಿಯಾಗಿ, ಒಂದು ಉಣ್ಣೆಯ ಸ್ವೆಟರ್, ಎರಡು ಜೊತೆ ಕಾಲುಚೀಲ, ಒಂದು ಮಂಕಿ ಕ್ಯಾಪ್ ನೇತಾಡುತ್ತಿದ್ದವು.

“ಎಲ್ಲೂ ಒಣಗಾಕಿಲ್ಲ ಕಣಕ್ಕ ಈ ಮಳೇಲಿ. ಇಲ್ಲಿ ಹಾಕಿದ್ರೆ ಅರ್ಧ ಗಂಟೆಗೆ ಗರಿಗರಿ ಆಯ್ತದೆ,” ಎಂದರು ಪುಟ್ಟಸ್ವಾಮಿ, ನನಗೂ ಅನುಕೂಲವಾಗಲಿ ಎನ್ನುವ ಧಾಟಿಯಲ್ಲಿ.

ಅವರ ಮೇಲೆ ಕೂಗಾಡಿದೆ ನಿಜ. ಆದರೆ ನಗುವೂ ಬಂತು. ಕರ್ನೆಲ್ಲಿನಲ್ಲಿ ಮಾಡಿದ ತಿದ್ದುಪಡಿಗಳನ್ನೆಲ್ಲ ಪುಸ್ತಕ ನೋಡಿಕೊಂಡು ಒಂದೊಂದಾಗಿ ಹಿಂದೆ ತೆಗೆದೆ. ಪುಟ್ಟಸ್ವಾಮಿಯವರಿಗೆ ಬೇರೆ ಮೂಲೆಯಲ್ಲಿ ಒಂದು ಬಲ್ಬ್ ಹಾಕಿಸಿಕೊಟ್ಟೆ. ಬಟ್ಟೆ ಅಲ್ಲಿ ಅಷ್ಟು ಬೇಗ ಒಣಗುವುದಿಲ್ಲ ಎಂದು ಅವರು ನಿವೃತ್ತರಾಗುವ ತನಕ ಗೊಣಗುತ್ತಿದ್ದರು. ಹೊಸಬರಿಗೆ ನಾನು ಹೇಳುವುದಿಷ್ಟೇ: ಈಗ ನಿಮ್ಮ ಸರ್ವರ್ ಯಾವ ಊರಿನಲ್ಲಿದೆ ಎಂಬುದೂ ನಿಮಗೆ ಗೊತ್ತಿರುವುದಿಲ್ಲ, ಬೆನ್ನು ನೋಡಲು ಆಗುವುದಿಲ್ಲ. ಆದರೆ ಅದನ್ನು ಬಳಸುವವರ ಮನೆಯನ್ನಾದರೂ ಹೋಗಿ ನೋಡಬಹುದು. ಇದನ್ನು ನಾನು ಆಗಲೇ ಕಲಿತಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಆನೆಯ ಕೆಲಸ ನಮ್ಮ ಸರ್ವರಿಗೆ ಬಂದದ್ದು ಲೂಯಿಸ್ ಸಾರ್ ಹೋದ ಮೇಲೆ. ಅವರು ನಿವೃತ್ತರಾದ ಎರಡೇ ವರ್ಷಕ್ಕೆ ತೀರಿಕೊಂಡರು. ಹರೀಶ್ ಎಂಬ ಯುವಕರು ಕಾರ್ಯದರ್ಶಿಯಾಗಿ ಬಂದರು. ಒಳ್ಳೆಯವರು, ಚುರುಕು, ಎಲ್ಲವನ್ನೂ ಗ್ರಾಫಿನಲ್ಲಿ ನೋಡುವ ಅಭ್ಯಾಸ. ಸಕಲೇಶಪುರ, ಆಲೂರು ಕಡೆ ಆನೆಗಳು ಒಂದು ತೋಟದಿಂದ ಇನ್ನೊಂದು ತೋಟಕ್ಕೆ ತಿರುಗಾಡುವುದು ಯಾರಿಗೂ ಹೊಸದಲ್ಲ. ಬೆಳಿಗ್ಗೆ ಏಳೂವರೆಯಿಂದ ಎಂಟರೊಳಗೆ ತೋಟದ ಕೆಲಸದವರು ಎಸ್ಟೇಟಿನವರು ಸಾಲಾಗಿ ಕಟ್ಟಿಕೊಟ್ಟ ಲೈನ್ ಮನೆಗಳಿಂದ ಹೊರಟು ಕಾಲುದಾರಿಯಲ್ಲಿ ನಡೆಯುತ್ತಾರೆ. ಆನೆ ಆ ಹೊತ್ತಿಗೆ ದಾರಿಯಲ್ಲಿದ್ದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ.

ಸಂಘ ಒಂದಿಷ್ಟು ಕಾವಲುಗಾರರನ್ನು ಇಟ್ಟಿತು. ಕಾವಲುಗಾರ ಆನೆ ಕಂಡ ಕೂಡಲೇ ನಮ್ಮ ನಂಬರಿಗೆ ಫೋನ್ ಮಾಡಿ ತನ್ನ ಪ್ರದೇಶದ ಅಂಕಿ ಒತ್ತುತ್ತಾನೆ. ಸರ್ವರ್ ಆ ಪ್ರದೇಶದ ಪಟ್ಟಿಯಲ್ಲಿರುವ ಎಲ್ಲರಿಗೂ ಕರೆ ಮಾಡುತ್ತದೆ. ಓದಲು ಬಾರದವರು ಬಹಳ ಇದ್ದದ್ದರಿಂದ ಬರೀ ಮೆಸೇಜ್ ಸಾಲದು, ಕರೆಯೇ ಬೇಕಾಗಿತ್ತು. ಧ್ವನಿ ನನ್ನದು. ಹಾಸನದಿಂದ ಒಬ್ಬರನ್ನು ಕರೆಸಿದ್ದರು, ಅವರು ರೇಡಿಯೊ ವಾರ್ತೆ ಓದಿದ ಹಾಗೆ ಓದಿದರು, ಯಾರಿಗೂ ಗಾಬರಿಯೇ ಆಗುವ ಹಾಗಿರಲಿಲ್ಲ. ಕೊನೆಗೆ ನಾನೇ ಹೇಳಿದೆ: “ಯಸಳೂರು ಕಡೆ ಆನೆ ಐತೆ. ದಾರಿಗಿಳೀಬೇಡಿ.” ಪ್ರತಿ ಪ್ರದೇಶಕ್ಕೂ ಹೀಗೆ ಒಂದೊಂದು.

ಸರ್ವರಿಗೆ ಇದ್ದ ಕೆಲಸ ಇಷ್ಟೇ. ನಡೆಯುವವರು ದಾರಿಗೆ ಇಳಿಯುವ ಮೊದಲು ಅವರ ಫೋನ್ ಹೊಡೆದುಕೊಳ್ಳಬೇಕು. ಇಳಿದ ಮೇಲೆ ಹೊಡೆದುಕೊಂಡರೆ ಹೊಡೆದುಕೊಂಡ ಹಾಗಲ್ಲ.

ಕರೆಗಳು ಮೊದಮೊದಲು ನಿಧಾನವಾಗಿದ್ದವು. ಪ್ರತಿ ಕರೆಗೂ ಡಿಸ್ಕಿಗೆ ನಾಲ್ಕು ನಾಲ್ಕು ಸಲ ಬರೆಯುತ್ತಿದ್ದುದನ್ನು ಒಂದಕ್ಕೆ ಇಳಿಸಿದೆ. ಮಳೆಯ ಪುಟ ಮತ್ತು ಆನೆಯ ಕರೆ ಒಂದರ ಕಾಲು ಒಂದು ತುಳಿಯದ ಹಾಗೆ ಬೇರೆ ಬೇರೆ ಮಾಡಿದೆ. ಒಂದೇ ಸಲಕ್ಕೆ ನಾಲ್ಕು ಕರೆ ಹೋಗುತ್ತಿದ್ದದ್ದು ಎಂಟಾಯಿತು. ಕರೆ ತಲುಪಲು ಸರಾಸರಿ ಹನ್ನೊಂದು ನಿಮಿಷ ಹಿಡಿಯುತ್ತಿದ್ದದ್ದು ನಾಲ್ಕಕ್ಕೆ ಬಂತು. ಹರೀಶ್ ಅದರ ಗ್ರಾಫನ್ನು ಬಣ್ಣದಲ್ಲಿ ಮುದ್ರಿಸಿ ಆಡಳಿತ ಮಂಡಳಿಯ ಸಭೆಯಲ್ಲಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಅದೇ ಸಭೆಯಲ್ಲಿ ಅಧ್ಯಕ್ಷರು ಒಂದು ಕುಂದು ಹೇಳಿದರು. ಅವರು ಸ್ನಾನಕ್ಕೆ ಹೋಗಿದ್ದಾಗ ಕರೆ ಬಂದು ತಪ್ಪಿಹೋಯಿತಂತೆ, ಮತ್ತೆ ಬರಲೇ ಇಲ್ಲವಂತೆ. ಎತ್ತದಿದ್ದರೆ ಇನ್ನೂ ಮೂರು ಸಲ ಮಾಡುವ ಹಾಗೆ ಮಾಡಬಹುದಲ್ಲವೇ ಎಂದರು. ಮಾಡಬಹುದು ಎಂದೆ. ಆ ಸಂಜೆಯೇ ಮಾಡಿದೆ. ಎತ್ತದವರಿಗೆ ಆಗಿಂದಾಗಲೇ ಮತ್ತೆ, ಮತ್ತೆ, ಮತ್ತೆ ಕರೆ ಮಾಡಿ ಆಮೇಲೆ ಮುಂದಿನವರಿಗೆ ಹೋಗು ಎಂದು ಬರೆದೆ. ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು ಇದೆ.

ಈಗ ಪಟ್ಟಿಯ ವಿಷಯ. ಸಂಘದಲ್ಲಿ ಸದಸ್ಯರ ಒಂದು ದಪ್ಪ ರಿಜಿಸ್ಟರ್ ಇತ್ತು. ಮೊದಲ ಪುಟದಲ್ಲಿ ಸಂಘ ಕಟ್ಟಿದ ದೊಡ್ಡ ಎಸ್ಟೇಟಿನವರು, ಆಮೇಲೆ ನಡುತರದವರು, ಆಮೇಲೆ ಪಾಳ್ಯ ಕಡೆಯ ಒಂದೆರಡು ಎಕರೆಯವರು. ಮದುವೆ ಕರೆಯೋಲೆ ಹಂಚಿದರೂ, ಸಭೆಯಲ್ಲಿ ಕುರ್ಚಿ ಹಾಕಿದರೂ ಆ ಕ್ರಮವೇ. ಲೈನ್ ಮನೆಯ ಕೆಲಸದವರು ಸದಸ್ಯರಲ್ಲ. ಆನೆಯ ಕೆಲಸ ಶುರುವಾದಾಗ ಅವರ ಹೆಸರು, ನಂಬರುಗಳನ್ನು ಕೊನೆಯ ಪುಟಗಳಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು. ನಾನು ಆ ರಿಜಿಸ್ಟರನ್ನು ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಏರಿಸಿದೆ. ಸರ್ವರ್ ಕ್ರಮಸಂಖ್ಯೆಯ ಪ್ರಕಾರ ಕರೆ ಮಾಡುತ್ತಾ ಹೋಯಿತು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಕ್ರಮ ಅದೇ ಆಗಿತ್ತು.

ಕಾಫಿ ಹಣ್ಣು ಕುಯ್ಯುವ ಕಾಲ. ಯಸಳೂರು ಹೋಬಳಿಯ ಒಂದು ಎಸ್ಟೇಟಿನ ಲೈನಿನಿಂದ ಆರು ಜನ ಹೆಂಗಸರು ಬೆಳಿಗ್ಗೆ ಕೆಲಸಕ್ಕೆ ಹೊರಟರು. ಹಳ್ಳದ ತಿರುವಿನಲ್ಲಿ ಆನೆ ನಿಂತಿತ್ತು. ಎಲ್ಲರೂ ಓಡಿದರು. ಮುಂದೆ ನಡೆಯುತ್ತಿದ್ದ ಗಿರಿಜಮ್ಮ ಎಂಬುವರನ್ನು ಆನೆ ತಳ್ಳಿತು. ದಾರಿಯ ಅಂಚಿನ ಕಡಿದಾದ ದರೆಯ ಕೆಳಗೆ ಬಿದ್ದು ಬಲಗಾಲು ತೊಡೆಯಿಂದ ಕೆಳಕ್ಕೆ ಮುರಿದುಹೋಯಿತು. ಆನೆ ಮುಂದಕ್ಕೆ ಹೋದ್ದರಿಂದ ಜೀವ ಉಳಿಯಿತು. ಹಾಸನದ ಆಸ್ಪತ್ರೆಯಲ್ಲಿ ಕಾಲನ್ನು ಉಳಿಸಿದರು, ನಡೆಯುವ ಕಾಲಾಗಿ ಉಳಿಸಲು ಆಗಲಿಲ್ಲ.

ಆನೆ ಇದ್ದಕ್ಕಿದ್ದಂತೆ ದಾರಿ ಬದಲಿಸಿತು, ಅದಕ್ಕೆ ಯಾರೇನು ಮಾಡಲಾದೀತು ಎಂದು ಆಫೀಸಿನಲ್ಲಿ ಎಲ್ಲರೂ ಮಾತಾಡಿಕೊಂಡರು. ನಾನೂ ತಲೆಯಾಡಿಸಿದೆ. ಆಮೇಲೆ ಅಭ್ಯಾಸದಂತೆ ಆ ದಿನದ ಲಾಗ್ ತೆಗೆದೆ. ಸರ್ವರ್ ತಾನು ಮಾಡಿದ ಪ್ರತಿ ಕರೆಯನ್ನೂ ಸಮಯ ಸಮೇತ ಬರೆದಿಡುವ ಕಡತ ಅದು. ಕಾವಲುಗಾರ ಅಂಕಿ ಒತ್ತಿದ್ದು ಏಳು ಮೂವತ್ತೆಂಟಕ್ಕೆ. ಹೆಂಗಸರು ಲೈನ್ ಬಿಟ್ಟದ್ದು ಏಳೂ ಮುಕ್ಕಾಲಿಗೆ ಎಂದು ಎಲ್ಲರೂ ಹೇಳಿದ್ದರು. ಗಿರಿಜಮ್ಮನ ಫೋನಿಗೆ ಕರೆ ಹೋದದ್ದು ಎಂಟು ಗಂಟೆ ಒಂದು ನಿಮಿಷಕ್ಕೆ. ಅಂದರೆ ಅವರು ದರೆಯ ಕೆಳಗೆ ಬಿದ್ದಿದ್ದಾಗ ಸೊಂಟದಲ್ಲಿದ್ದ ಫೋನ್ ಹೊಡೆದುಕೊಂಡಿದೆ.

ಉಳಿದದ್ದನ್ನು ಓದಲು ಐದು ನಿಮಿಷ ಸಾಕಾಯಿತು. ಪಟ್ಟಿಯ ಮೇಲಿನ ಸಾಲುಗಳಲ್ಲಿದ್ದವರು ಬಹಳ ಮಂದಿ ಫೋನ್ ಎತ್ತಿರಲಿಲ್ಲ. ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ಸಲ ಕರೆ ಹೋಗಿ, ಹಿಂದಿನವರೆಲ್ಲ ಕಾದು ಕೂತಿದ್ದರು. ಸರಾಸರಿಗೆ ಇದು ತಟ್ಟಿರಲಿಲ್ಲ, ಏಕೆಂದರೆ ನಾನು ಲೆಕ್ಕ ಹಾಕುತ್ತಿದ್ದದ್ದು ಆ ಊರು ಈ ಊರು ಎಲ್ಲವನ್ನೂ ಸೇರಿಸಿ, ತಿಂಗಳಿಡೀ ಸೇರಿಸಿ. ಒಂದು ಪ್ರದೇಶದ ಪಟ್ಟಿಯ ಬಾಲ ಅದರಲ್ಲಿ ಮುಳುಗಿಹೋಗಿತ್ತು. ಅಧ್ಯಕ್ಷರ ಮಾತಿಗೆ ನಾನು ಆ ಒಂದು ಸಾಲು ಸೇರಿಸದೆ ಇದ್ದಿದ್ದರೆ ಆ ಕರೆ ಏಳು ನಿಮಿಷದೊಳಗೆ ಹೋಗಿರುತ್ತಿತ್ತು. ಎರಡು ಸಲ ಲೆಕ್ಕ ಹಾಕಿ ನೋಡಿದೆ.

ಡಿಸ್ಕ್ ತುಂಬಬಾರದು ಎಂದು ಹಳೆಯ ಲಾಗ್‌ಗಳು ನಾಲ್ಕು ವಾರಕ್ಕೆ ತಾವಾಗಿಯೇ ಅಳಿಸಿಹೋಗುವ ಹಾಗೆ ನಾನೇ ಮಾಡಿಟ್ಟಿದ್ದೆ. ಹಾಗಾಗಿ ನಾನು ಯಾವುದನ್ನೂ ಅಳಿಸಬೇಕಾಗಿರಲಿಲ್ಲ. ಸುಮ್ಮನೆ ಕೂತರೆ ಸಾಕಿತ್ತು. ಮೂರು ವಾರ ಸುಮ್ಮನೆ ಕೂತೆ. ಆ ಮೂರು ವಾರ ಬಸ್ಸಿನಲ್ಲಿ ಯಾರಾದರೂ ಆನೆಯ ಮಾತೆತ್ತಿದರೆ ಕಿಟಕಿಯ ಕಡೆ ತಿರುಗುತ್ತಿದ್ದೆ. ವಾರಕ್ಕೊಮ್ಮೆ ಸರ್ವರ್ ಹಳೆಯ ಲಾಗಿನ ಹೆಸರಿನ ಕೊನೆಯ ಅಂಕಿಯನ್ನು ಒಂದೊಂದೇ ಏರಿಸುತ್ತಿತ್ತು, ಆ ಕಡತಕ್ಕೆ ಈಗ ಮೂರು ಬಂದಿತ್ತು. ಇನ್ನೊಂದು ವಾರಕ್ಕೆ ಅದು ಇರುವುದಿಲ್ಲ. ಅವತ್ತು ಅದನ್ನು ಬೇರೆ ಕಡೆ ನಕಲು ಮಾಡಿ, ಯಸಳೂರಿನ ಪುಟಗಳನ್ನು ಮುದ್ರಿಸಿ ಹರೀಶ್ ಅವರ ಮುಂದಿಟ್ಟೆ. ಯಾಕೆ ಅಷ್ಟು ತಡ ಮಾಡಿದೆ ಎಂದರೆ, ಹೆದರಿದ್ದೆ. ಬೇರೆ ಕಾರಣ ಇಲ್ಲ.

ಹರೀಶ್ ಕೊನೆಯ ಪುಟದ ತನಕ ಓದಿದರು. ಆಮೇಲೆ, ಸರಾಸರಿ ನಾಲ್ಕು ನಿಮಿಷವೇ ಇದೆಯಲ್ಲ, ಟೆಕ್ನಿಕಲ್ ಆಗಿ ಇದು ಫೇಲ್ಯೂರ್ ಅಲ್ಲ ಮೇಡಂ ಎಂದರು. ನನ್ನನ್ನು ಉಳಿಸಲೆಂದೇ ಹೇಳಿದ್ದು, ಅದು ನನಗೆ ಗೊತ್ತು.

“ಗಿರಿಜಮ್ಮನಿಗೆ ಸರಾಸರಿಯಾಗಿ ಫೋನ್ ಹೋಗಿಲ್ಲ ಹರೀಶ್. ಇಪ್ಪತ್ಮೂರು ನಿಮಿಷಕ್ಕೆ ಹೋಯ್ತು,” ಎಂದೆ.

ಸಭೆಗೆ ಮೊದಲು ಅವರಿಗೆ ಹೇಳಬೇಕು ಎಂದು ನನಗೆ ತೋರಿತು. ಭಾನುವಾರ ಯಸಳೂರಿಗೆ ಬಸ್ ಹಿಡಿದು, ಇಳಿದು, ಆ ಎಸ್ಟೇಟಿನ ಲೈನ್ ಹುಡುಕಿಕೊಂಡು ಹೋದೆ. ಗಿರಿಜಮ್ಮ ಬಾಗಿಲ ಹೊರಗೆ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಐವತ್ತರ ಆಸುಪಾಸು, ಗಟ್ಟಿ ಮೈಕಟ್ಟು. ಸೊಸೆ ಸವಿತ ಒಳಗಿನಿಂದ ಕುರ್ಚಿ ತಂದಳು. ನಾನು ಯಾರು, ಎಲ್ಲಿಂದ ಬಂದೆ ಎಂದು ಹೇಳಲು ಬಾಯಿ ತೆರೆದೆ, ಅಷ್ಟಕ್ಕೇ ಗಿರಿಜಮ್ಮ ತಲೆಯೆತ್ತಿದರು.

“ನೀವು ಫೋನಲ್ಲಿ ಮಾತಾಡೋರಲ್ವಾ? ದನಿ ಗುರ್ತಾಯ್ತು.”

ನಾನು ಕುರ್ಚಿಯಲ್ಲಿ ಕೂರಲಿಲ್ಲ, ಅವರ ಪಕ್ಕ ನೆಲದ ಮೇಲೆ ಕೂತೆ. ಎಲ್ಲವನ್ನೂ ಹೇಳಿದೆ. ಕರೆ ಹೋಗಬೇಕಾದ ಹೊತ್ತು, ಹೋದ ಹೊತ್ತು, ತಡವಾದದ್ದು ಏಕೆ, ಅದನ್ನು ಮಾಡಿದ್ದು ಯಾರು. ಸರ್ವರ್, ಸಾಲು ಎಂಬುದನ್ನೆಲ್ಲ ನ್ಯಾಯಬೆಲೆ ಅಂಗಡಿಯ ಕ್ಯೂ ಹಾಗೆ ಎಂದು ಬಿಡಿಸಿ ಹೇಳಿದೆ. ಅವರು ಸೊಪ್ಪಿನ ಕಡ್ಡಿ ಕಿತ್ತು ಹಾಕುತ್ತಲೇ ಕೇಳಿದರು. ತಪ್ಪಾಯಿತು ಎಂದೆ. ಅವರು ನಾನು ತಂದಿದ್ದ ಲಾಗಿನ ಹಾಳೆಗಳ ಕಡೆ ನೋಡಿದರು.

“ಆ ಹಾಳೇಲಿ ಎಲ್ಲಾರ ಹೆಸ್ರೂ ಐತಾ?”

ಇದೆ ಎಂದೆ.

“ನಂಗಿಂತ ಮುಂಚೆ ಯಾರ್ಯಾರಿಗೆ ಹೋಯ್ತು, ಓದಿ.”

ಓದಿದೆ. ಮೊದಲನೆಯವರು ಬೆಂಗಳೂರಿನಲ್ಲಿ ಮನೆ ಮಾಡಿಕೊಂಡು ತಿಂಗಳಿಗೊಮ್ಮೆ ತೋಟಕ್ಕೆ ಬರುವವರು, ನಾಲ್ಕು ಸಲ ಎತ್ತಿಲ್ಲ. ಎರಡನೆಯವರು ಹಾಸನದಲ್ಲಿರುವವರು, ಮೂರನೇ ಸಲಕ್ಕೆ ಎತ್ತಿದ್ದಾರೆ. ಆಮೇಲೆ ಒಬ್ಬರು ಯಜಮಾನರು, ಅವರ ಹೆಂಡತಿ, ಅವರ ಮಗ, ಒಂದೇ ಬಂಗಲೆಯ ಮೂರು ನಂಬರು. ಆರನೆಯ ಹೆಸರಿನ ಮೇಲೆ ಬೆರಳಿಟ್ಟು ನಿಲ್ಲಿಸಿದೆ. ಆ ಸದಸ್ಯರು ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯವರು ನಂಬರ್ ಹಾಗೇ ಇಟ್ಟುಕೊಂಡಿದ್ದರು. ಎತ್ತುವವರಿಲ್ಲದ ಆ ಫೋನಿಗೂ ನಾಲ್ಕು ಸಲ ಕರೆ ಹೋಗಿತ್ತು. ಅದನ್ನೂ ಓದಿದೆ.

“ಇವ್ರೆಲ್ಲ ಬೆಳಿಗ್ಗೆ ಆ ದಾರೀಲಿ ನಡ್ಕ ಹೋಯ್ತಾರಾ?”

“ಇಲ್ಲ.”

“ಮತ್ತೆ ಅವ್ರ ಹೆಸ್ರು ಯಾಕೆ ಮೇಲೈತೆ?”

ರಿಜಿಸ್ಟರಿನಲ್ಲಿ ಹಾಗಿತ್ತು ಎಂದೆ. ಹೇಳುವಾಗಲೇ ನಾಚಿಕೆಯಾಯಿತು. ಸವಿತ ಬೆಲ್ಲದ ಕರಿ ಕಾಫಿ ತಂದುಕೊಟ್ಟಳು, ಕುಡಿದೆ. ಗಿರಿಜಮ್ಮ ಮತ್ತೆ ಆ ವಿಷಯ ಎತ್ತಲಿಲ್ಲ. ಬಸ್ ಎಷ್ಟೊತ್ತಿಗೆ, ಆಲೂರಿನಲ್ಲಿ ಯಾರ ಮನೆ ಎಂದೆಲ್ಲ ವಿಚಾರಿಸಿದರು. ನಾನು ಬೈಗುಳಕ್ಕೆ ತಯಾರಾಗಿ ಹೋದವಳು. ಬೈಗುಳ ಸಿಗದೆ ವಾಪಸ್ ಬರುವುದು ಹೇಗೆ ಎಂದು ತಿಳಿಯದೆ ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಇಷ್ಟು ವರ್ಷದಲ್ಲಿ ಪರ್ಫಾರ್ಮೆನ್ಸ್ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಯಾವುದೂ ಆ ಎರಡು ಪ್ರಶ್ನೆಗಳಷ್ಟು ನೇರವಾಗಿ ಕೇಳಿರಲಿಲ್ಲ. ಸೋಮವಾರ ಹೋದವಳು ಕೆಲಸಕ್ಕೆ ಕೂತೆ. ಎತ್ತದವರ ಕರೆಯನ್ನು ಸಾಲಿನ ಕೊನೆಗೆ ತಳ್ಳುವ ಹಾಗೆ ಮಾಡಿದೆ, ಅದಕ್ಕೆ ಹತ್ತು ನಿಮಿಷ ಸಾಕಾಯಿತು. ಪಟ್ಟಿಯ ಕ್ರಮ ಬದಲಾಯಿಸಲು ಒಂದು ತಿಂಗಳು ಬೇಕಾಯಿತು. ಯಾರು ನಡೆದು ಹೋಗುತ್ತಾರೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂದು ಯಾರ ಹತ್ತಿರವೂ ಬರೆದದ್ದು ಇರಲಿಲ್ಲ. ಪಾಳ್ಯದಿಂದ ಬಿಸಿಲೆಯ ತನಕ ಲೈನ್ ಲೈನಿಗೆ ಹೋಗಿ ಕೇಳಿ ಬರೆದುಕೊಂಡೆ. ಬೇಗ ಹೊರಡುವವರು ಮೊದಲು, ನಡೆಯದವರು ಕೊನೆಗೆ. ಸರಾಸರಿಯ ಗ್ರಾಫನ್ನು ತೆಗೆದುಹಾಕಿ, ನಡೆಯುವವರಲ್ಲಿ ಕೊನೆಯ ಫೋನ್ ಎಷ್ಟು ಹೊತ್ತಿಗೆ ಹೋಯಿತು ಎಂಬ ಒಂದೇ ಅಂಕಿಯನ್ನು ಗೋಡೆಗೆ ಅಂಟಿಸಿದೆ.

ಸಭೆಯಲ್ಲಿ ಗಲಾಟೆಯಾಯಿತು. ಒಂದನೇ ನಂಬರಿನ ಸದಸ್ಯರಿಗೆ ಕೊನೆಗೆ ಕರೆಯೇ ಎಂದು ಒಬ್ಬರು ಎದ್ದು ನಿಂತರು. ನಾನು ವಾದ ಮಾಡಲಿಲ್ಲ, ಆ ದಿನದ ಲಾಗನ್ನು ಮೊದಲ ಸಾಲಿನಿಂದ ಗಿರಿಜಮ್ಮನ ಸಾಲಿನ ತನಕ ಓದಿದೆ. ತೀರಿಕೊಂಡವರ ಹೆಸರು ಬಂದಾಗ ಎದ್ದು ನಿಂತಿದ್ದವರು ಕೂತರು. ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾನು ಸ್ನಾನಕ್ಕೆ ಹೋಗಿದ್ದೆ ಅಂತ ಹೇಳಿದ್ನಲ್ಲ, ಅದ್ರಿಂದ ಆಗಿದ್ದಾ ಇದು?”

“ಬರೆದಿದ್ದು ನಾನು ಸಾರ್,” ಎಂದೆ.

ಅವರು ಕನ್ನಡಕ ಮತ್ತೆ ಏರಿಸಿಕೊಂಡು, ತಮ್ಮ ಹೆಸರನ್ನು ಎಲ್ಲಿಗೆ ಬೇಕಾದರೂ ಹಾಕಿಕೊಳ್ಳಿ ಎಂದರು. ಆಮೇಲೆ ಬೇರೆ ಯಾರೂ ಎದ್ದು ನಿಲ್ಲಲಿಲ್ಲ. ಸಭೆಯ ನಡಾವಳಿಯಲ್ಲಿ ನನ್ನ ತಪ್ಪನ್ನು ನನ್ನ ಹೆಸರಿನಲ್ಲೇ ಬರೆಸಿದೆ. ಹರೀಶ್ ಬೇಡ ಎಂದರು, ನಾನು ಕೇಳಲಿಲ್ಲ.

ಮುಂದಿನ ಸಲ ಯಸಳೂರು ಕಡೆ ಆನೆ ಕಂಡಾಗ ನಡೆಯುವವರ ಕೊನೆಯ ಫೋನ್ ಎರಡು ನಿಮಿಷದೊಳಗೆ ಹೊಡೆದುಕೊಂಡಿತು. ಇದನ್ನು ಹೇಳಲು ನಾನು ಮತ್ತೆ ಆ ಲೈನಿಗೆ ಹೋದೆ. ಗಿರಿಜಮ್ಮ ಊರುಗೋಲು ಹಿಡಿದು ಅಂಗಳದ ತುದಿಯ ತನಕ ಬರುವಷ್ಟಾಗಿದ್ದರು. ಪಟ್ಟಿ ಬದಲಾಗಿದೆ, ಯಸಳೂರಿನ ಸಾಲಿನಲ್ಲಿ ಈಗ ಮೊಟ್ಟಮೊದಲು ನಿಮ್ಮ ನಂಬರನ್ನೇ ಹಾಕಿದ್ದೇನೆ ಎಂದೆ. ಹೇಳುವಾಗ ಏನೋ ಋಣ ತೀರಿಸಿದ ಸಮಾಧಾನ ನನ್ನ ದನಿಯಲ್ಲಿ ಇದ್ದಿರಬೇಕು.

ಅವರು ಮುಖ ಸಿಂಡರಿಸಿದರು.

“ನಂದ್ಯಾಕ್ ಹಾಕಿದ್ರಿ? ತೆಗೀರಿ ಅದ್ನ. ನಾನಿನ್ನೆಲ್ಲಿ ನಡೀತೀನಿ ಆ ದಾರೀಲಿ? ಆ ಜಾಗಕ್ಕೆ ಸವಿತಂದು ಹಾಕಿ. ಏಳೂಮುಕ್ಕಾಲಿಗೆ ಹೊರಡ್ತಾಳೆ, ನನ್ ಬದ್ಲು.”

ಮರುದಿನ ಆಫೀಸಿಗೆ ಹೋದವಳು ಬ್ಯಾಗನ್ನೂ ಇಳಿಸದೆ ಗಿರಿಜಮ್ಮನ ನಂಬರ್ ತೆಗೆದು, ಆ ಜಾಗಕ್ಕೆ ಸವಿತಳ ನಂಬರ್ ಹಾಕಿದೆ. ಹೊರಡುವ ಸಮಯ ಏಳೂ ಮುಕ್ಕಾಲು ಎಂದು ತುಂಬಿಸಿದೆ. ಒಂದು ಸಾಲು ಬದಲಾಗಿದೆ ಎಂದು ಪರದೆಯ ಮೇಲೆ ಬಂತು. ನಾನು ಅಲ್ಲೇ ಕೂತು ಅತ್ತೆ.